ಪರೀಕ್ಷಕನ ಕೂಲಿ ಮತ್ತು ಋಣ

ಮನುಷ್ಯನು ತಾನು ನೆಚ್ಚಿ ಬಾಳುವ ವಸ್ತುಗಳಲ್ಲಿ ಬಹುಪಾಲನ್ನು ತಾನೇ ಪರೀಕ್ಷಿಸಲಾರನು. ಚಿನ್ನವನ್ನು ಕೊಳ್ಳುವವನಿಗೆ ಒರೆಗಲ್ಲಿನ ಭಾಷೆ ತಿಳಿಯದು. ಔಷಧವನ್ನು ಕುಡಿಯುವವನಿಗೆ ಅದರ ಪಾಕ ತಿಳಿಯದು. ಮಾಳಿಗೆಯ ಕೆಳಗೆ ಕುಳಿತು ವ್ಯಾಪಾರ ಮಾಡುವವನಿಗೆ ತನ್ನ ತಲೆಯ ಮೇಲಿನ ತೊಲೆಯು ಎಷ್ಟು ಭಾರವನ್ನು ತಾಳಬಲ್ಲುದೆಂಬುದು ತಿಳಿಯದು. ಆದರೂ ಚಿನ್ನದ ವ್ಯವಹಾರ ನಡೆಯುತ್ತದೆ, ಔಷಧವು ಹೊಟ್ಟೆಗೆ ಇಳಿಯುತ್ತದೆ, ಅಂಗಡಿಯ ಬಾಗಿಲು ದಿನವೂ ತೆರೆಯುತ್ತದೆ. ಬಲ್ಲವನೊಬ್ಬನು ನಮ್ಮ ಪರವಾಗಿ ನೋಡಿದ್ದಾನೆ ಎಂಬ ವಿಶ್ವಾಸವೇ ಇದಕ್ಕೆ ಕಾರಣ. ಲೋಕವ್ಯವಹಾರಕ್ಕೆಲ್ಲ ಈ ವಿಶ್ವಾಸವು ತಳಹದಿ. ತಳಹದಿಯು ಕಣ್ಣಿಗೆ ಕಾಣದಿರುವಂತೆ ಇದೂ ಕಾಣದು. ಕುಸಿದಾಗ ಮಾತ್ರ, ಇಷ್ಟು ದಿನ ಇದರ ಮೇಲೆ ನಿಂತಿದ್ದೆವಲ್ಲಾ ಎಂಬ ಅರಿವಾಗುತ್ತದೆ.

ಇತರರಿಗಾಗಿ ನೋಡುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವರು ಎಲ್ಲ ಕಾಲದಲ್ಲಿಯೂ ಉಂಟು. ಈಗಿನ ಕಾಲದಲ್ಲಿ ಅಂತಹ ಉದ್ಯೋಗಗಳಲ್ಲಿ ಒಂದು, ವಾಣಿಜ್ಯ ಕಟ್ಟಡಗಳ ಪರೀಕ್ಷೆ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಇದು ಬಲಿತು ನಿಂತ ವೃತ್ತಿಯಾಗಿದೆ; ಒಬ್ಬನೇ ಆರಂಭಿಸಿದ ಉದ್ಯೋಗವು ಹತ್ತಾರು ಜನರ ಸಂಸ್ಥೆಯಾಗಿ ಬೆಳೆಯುವುದೂ ಅಲ್ಲಿ ಸಾಮಾನ್ಯ. ಈ ಪರೀಕ್ಷಕನು ಒಬ್ಬನಿಂದ ಕೂಲಿಯನ್ನು ಪಡೆಯುತ್ತಾನೆ. ಅವನ ಮಾತಿನ ಬಲದ ಮೇಲೆ ಮಾಳಿಗೆಯ ಕೆಳಗೆ ನಿಲ್ಲುವವರು ಬೇರೆಯವರು. ಹೀಗಿರಲು ಅವನ ಋಣವು ಯಾರಿಗೆ ಸಲ್ಲತಕ್ಕದ್ದು? ಕೂಲಿ ಕೊಟ್ಟವನಿಗೋ, ಮಾಳಿಗೆಯ ಕೆಳಗೆ ನಿಂತವನಿಗೋ? ಉದ್ಯೋಗವು ಬೆಳೆದಂತೆಲ್ಲ ಈ ಋಣವೂ ಬೆಳೆಯುವುದೋ, ಅಥವಾ ಹಲವರಲ್ಲಿ ಹಂಚಿಹೋಗಿ ಕರಗುವುದೋ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಮೊದಲು ಈ ಉದ್ಯೋಗದ ಸ್ವರೂಪವನ್ನು ತಿಳಿಯಬೇಕು. ಒಂದು ಗೋದಾಮು, ಕಚೇರಿಯ ಕಟ್ಟಡ, ಹೋಟಲು ಅಥವಾ ಅಂಗಡಿಗಳ ಸಮುಚ್ಚಯವು ಕೈ ಬದಲಿಸುವಾಗ, ಇಲ್ಲವೆ ಅದನ್ನು ಒತ್ತೆಯಿಟ್ಟು ಬ್ಯಾಂಕಿನಿಂದ ಸಾಲ ಪಡೆಯುವಾಗ, ಅದರ ಸ್ಥಿತಿಯನ್ನು ಪರೀಕ್ಷಿಸಿ ವರದಿ ಕೊಡುವವನು ಬೇಕಾಗುತ್ತಾನೆ. ಅವನು ಕಟ್ಟಡದ ಸುತ್ತಲೂ ಒಳಗೂ ನಡೆದು, ಮಾಳಿಗೆಯನ್ನೇರಿ, ಗೋಡೆ, ತೊಲೆ, ಕಂಬ, ನೀರಿನ ಕೊಳವೆ, ವಿದ್ಯುತ್ತಿನ ಜೋಡಣೆ, ಹವಾನಿಯಂತ್ರಣದ ಯಂತ್ರ, ಲಿಫ್ಟು, ಬೆಂಕಿ ನಂದಿಸುವ ವ್ಯವಸ್ಥೆ ಇವುಗಳನ್ನೆಲ್ಲ ನೋಡುತ್ತಾನೆ. ಹಳೆಯ ಕಾಗದಪತ್ರಗಳನ್ನು ಓದುತ್ತಾನೆ. ಕಟ್ಟಡವನ್ನು ನೋಡಿಕೊಳ್ಳುವವರನ್ನು ಪ್ರಶ್ನಿಸುತ್ತಾನೆ. ಕೂಡಲೇ ಆಗಬೇಕಾದ ದುರಸ್ತಿ ಯಾವುದು, ಮುಂದಿನ ವರ್ಷಗಳಲ್ಲಿ ಬರಲಿರುವ ಖರ್ಚು ಯಾವುದು ಎಂದು ವಿಂಗಡಿಸಿ ಅಂದಾಜು ಹಾಕಿಕೊಡುತ್ತಾನೆ. ಈ ಕೆಲಸಕ್ಕೆ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆಯು ‘ಇ–೨೦೧೮’ ಎಂಬ ಮಾನದಂಡವನ್ನು ಗೊತ್ತುಪಡಿಸಿದೆ. ಇಲ್ಲಿ ೨೦೧೮ ಎಂಬುದು ಇಸವಿಯಲ್ಲ, ಮಾನದಂಡದ ಸಂಖ್ಯೆ. ಅದರ ಪ್ರಕಾರ ಇದು ಕಣ್ಣಿನಿಂದ ನೋಡುವ ಪರೀಕ್ಷೆ. ಗೋಡೆಯನ್ನು ಕೊರೆದು ನೋಡುವುದು, ಮುಚ್ಚಿದ್ದನ್ನು ಬಿಚ್ಚಿ ನೋಡುವುದು ಇದರ ವಾಡಿಕೆಯ ಭಾಗವಲ್ಲ. ಸ್ಥಳಕ್ಕೆ ಹೋಗಿ ನೋಡುವವನೊಬ್ಬ, ಅವನನ್ನು ನಡೆಸಿ ವರದಿಯನ್ನು ಪರಿಶೀಲಿಸುವವನೊಬ್ಬ ಎಂದು ಅದು ಎರಡು ಸ್ಥಾನಗಳನ್ನು ಹೇಳುತ್ತದೆ. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಉದ್ಯೋಗದ ಬೆಳವಣಿಗೆಯ ಧರ್ಮಸಂಕಟವೆಲ್ಲ ಇಲ್ಲಿಯೇ ಅಡಗಿದೆ.

ಇಂತಹ ವರದಿಯು ಯಾವ ಜಾತಿಯ ಜ್ಞಾನ? ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ನಾಲ್ಕಾಗಿ ಎಣಿಸಿದರು. ಪರೀಕ್ಷಕನಿಗೆ ಪ್ರತ್ಯಕ್ಷವಾದುದು ಅವನ ವರದಿಯನ್ನು ಓದುವವನಿಗೆ ಶಬ್ದಪ್ರಮಾಣ, ಎಂದರೆ ಆಪ್ತವಾಕ್ಯ. ಆಪ್ತನೆಂದರೆ ಯಾರು? ಸ್ನೇಹಿತನೆಂದೂ ನೆಂಟನೆಂದೂ ಲೋಕರೂಢಿ. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ವಾತ್ಸ್ಯಾಯನನು ಈ ಪದವನ್ನು ಬಿಗಿಯಾದ ಅರ್ಥದಲ್ಲಿ ಹಿಡಿದನು. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿ ಹೇಳಬೇಕು, ಅಂತಹವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆ ಭಾಷ್ಯಕಾರನು ಸೇರಿಸಿರುವುದು ಗಮನಾರ್ಹ. ಆಪ್ತತ್ವವು ಕುಲದಿಂದ ಬರುವುದಿಲ್ಲ, ಪದವಿಯಿಂದಲೂ ಬರುವುದಿಲ್ಲ. ಕಂಡಿರುವುದು, ಕಂಡಂತೆ ಹೇಳಬಯಸುವುದು ಎಂಬ ಎರಡು ಅಂಗಗಳು ಎಲ್ಲಿ ಕೂಡಿದರೆ ಅಲ್ಲಿ ಅದು ಉಂಟು. ಒಂದು ಕಳಚಿದರೂ ಇಲ್ಲ.

ಈ ಲಕ್ಷಣವನ್ನು ಒಂದು ನಿಜವಾದ ಪ್ರಸಂಗಕ್ಕೆ ಹಚ್ಚಿ ನೋಡೋಣ. ಕೆನಡಾದ ಒಂಟೇರಿಯೊ ಪ್ರಾಂತದ ಉತ್ತರಭಾಗದಲ್ಲಿ ಎಲಿಯಟ್ ಲೇಕ್ ಎಂಬ ಸಣ್ಣ ಊರಿದೆ. ಯುರೇನಿಯಂ ಗಣಿಗಳಿಂದ ಹುಟ್ಟಿದ ಊರು ಅದು. ೧೯೯೦ರ ದಶಕದಲ್ಲಿ ಗಣಿಗಳು ಮುಚ್ಚಿದ ಮೇಲೆ, ಕೆಲಸದಿಂದ ನಿವೃತ್ತರಾದವರು ಬಂದು ನೆಲೆಸುವ ಊರಾಯಿತು. ಅಲ್ಲಿ ೧೯೮೦ರಲ್ಲಿ ಆಲ್ಗೊ ಸೆಂಟರ್ ಮಾಲ್ ಎಂಬ ವ್ಯಾಪಾರ ಸಮುಚ್ಚಯವು ತೆರೆಯಿತು. ದಿನಸಿ ಅಂಗಡಿ, ಹೋಟಲು, ಕಚೇರಿ, ಪುಸ್ತಕಾಲಯಗಳೆಲ್ಲ ಅದರಲ್ಲಿದ್ದುದರಿಂದ ಊರಿನ ಬದುಕೆಲ್ಲ ಒಂದೇ ಸೂರಿನಡಿ ಸೇರಿದಂತಿತ್ತು. ಅದರ ಮಾಳಿಗೆಯನ್ನೇ ಮೋಟಾರುಗಳನ್ನು ನಿಲ್ಲಿಸುವ ಸ್ಥಳವಾಗಿ ಮಾಡಿದ್ದರು. ಆ ಮಾಳಿಗೆಯು ಮೊದಲಿನಿಂದಲೂ ಸೋರುತ್ತಿತ್ತು. ಚಳಿಗಾಲದಲ್ಲಿ ಹಿಮವನ್ನು ಕರಗಿಸಲು ದಾರಿಗೆ ಚೆಲ್ಲುವ ಉಪ್ಪು ಗಾಡಿಗಳ ಗಾಲಿಗೆ ಅಂಟಿ ಮಾಳಿಗೆಗೆ ಬರುತ್ತಿತ್ತು. ಉಪ್ಪು ಬೆರೆತ ನೀರು ಕಾಂಕ್ರೀಟಿನ ಹಲಗೆಗಳ ಸಂದಿನಿಂದ ಇಳಿದು ಕೆಳಗಿನ ಉಕ್ಕಿನ ತೊಲೆಗಳನ್ನೂ ಅವುಗಳ ಬೆಸುಗೆಗಳನ್ನೂ ವರ್ಷವರ್ಷವೂ ತಿನ್ನುತ್ತಿತ್ತು. ಒಳಗೆ ಬಕೆಟ್ಟುಗಳನ್ನಿಟ್ಟು, ಟಾರ್ಪಾಲುಗಳನ್ನು ಕಟ್ಟಿ ನೀರು ಹಿಡಿಯುತ್ತಿದ್ದರು. ಊರಿನವರು ಅದನ್ನು ಆಲ್ಗೊ ಜಲಪಾತವೆಂದು ನಗೆಯಾಡುತ್ತಿದ್ದರು. ನಗೆಯಾಡಿ ಅಭ್ಯಾಸವಾದ ಅಪಾಯಕ್ಕೆ ಯಾರೂ ಹೆದರುವುದಿಲ್ಲ.

ಇದನ್ನು ಕಂಡವರೇ ಇರಲಿಲ್ಲವೆಂದಲ್ಲ. ಸೋರಿಕೆಯು ಉಕ್ಕನ್ನು ಕೆಡಿಸುತ್ತಿದೆಯೆಂಬ ಎಚ್ಚರಿಕೆಯು ಇಂಜಿನಿಯರುಗಳ ವರದಿಗಳಲ್ಲಿ ೧೯೯೦ರ ದಶಕದಲ್ಲಿಯೇ ಬಂದಿತ್ತು. ಕಟ್ಟಡದ ಒಡೆತನವು ಒಬ್ಬರಿಂದ ಒಬ್ಬರಿಗೆ ದಾಟಿತು. ಸೋರಿಕೆಯು ಹಾಗೆಯೇ ಉಳಿಯಿತು. ೨೦೧೨ರ ಏಪ್ರಿಲ್ ತಿಂಗಳಲ್ಲಿ ಮತ್ತೊಬ್ಬ ಪರೀಕ್ಷಕನು ಬಂದನು. ಇನ್ನೊಂದು ಪ್ರಕರಣದ ಕಾರಣ ಅವನ ಇಂಜಿನಿಯರಿಕೆಯ ಅನುಮತಿಯು ಆಗ ಊರ್ಜಿತವಾಗಿರಲಿಲ್ಲ. ಆದುದರಿಂದ ಅವನ ವರದಿಗೆ ಕಟ್ಟಡವನ್ನು ತಾನು ಪರೀಕ್ಷಿಸದ ಜೊತೆಗಾರ ಇಂಜಿನಿಯರನು ಸಹಿ ಹಾಕಿದನು. ತುಕ್ಕು ಕಂಡಿದೆ, ಆದರೂ ಕಟ್ಟಡದ ರಚನೆಯು ದೃಢವಾಗಿದೆ ಎಂಬುದು ವರದಿಯ ತಾತ್ಪರ್ಯ. ಸಹಿಯಾದ ಮೇಲೆ ಒಡೆಯನ ಕೋರಿಕೆಯಂತೆ ಪರೀಕ್ಷಕನು ವರದಿಯನ್ನು ತಿದ್ದಿದನು. ಸೋರಿಕೆಯು ಈಗಲೂ ನಡೆಯುತ್ತಿದೆಯೆಂಬ ಸೂಚನೆಯೂ, ನೀರು ಹಿಡಿಯಲು ಕಟ್ಟಿದ್ದ ಟಾರ್ಪಾಲಿನ ಚಿತ್ರವೂ ವರದಿಯಿಂದ ಮಾಯವಾದುವು. ಸಹಿ ಹಾಕಿದವನಿಗೆ ಇದನ್ನು ತಿಳಿಸಲಿಲ್ಲ. ಆ ಪರೀಕ್ಷೆಯಾದ ಸುಮಾರು ಹತ್ತು ವಾರಗಳಿಗೆ, ೨೦೧೨ರ ಜೂನ್ ೨೩ ಶನಿವಾರ ಮಧ್ಯಾಹ್ನ, ತುಕ್ಕು ತಿಂದ ಒಂದು ಜೋಡಣೆಯು ಕಳಚಿ ಮಾಳಿಗೆಯ ಒಂದು ಭಾಗವು ಕುಸಿಯಿತು. ಕೆಳಗಿದ್ದ ಇಬ್ಬರು ಮಹಿಳೆಯರು ಸತ್ತರು, ಹಲವರು ಗಾಯಗೊಂಡರು.

ಇದನ್ನು ವಿಚಾರಿಸಲು ನೇಮಕವಾದ ಆಯೋಗದ ಅಧ್ಯಕ್ಷರು ನ್ಯಾಯಮೂರ್ತಿ ಪಾಲ್ ಬೆಲಾಂಜೆ. ೨೦೧೪ರ ಅಕ್ಟೋಬರಿನಲ್ಲಿ ಅವರು ವರದಿಯನ್ನೊಪ್ಪಿಸಿದರು. ಕುಸಿದದ್ದು ಉಕ್ಕಾದರೂ ಅದಕ್ಕಿಂತ ಮೊದಲು ಕುಸಿದವರು ಮನುಷ್ಯರು ಎಂಬುದು ಅವರ ನಿರ್ಣಯದ ಸಾರ. ಪರೀಕ್ಷಕನ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ನಡೆಯಿತು. ೨೦೧೭ರಲ್ಲಿ ನ್ಯಾಯಾಲಯವು ಅವನನ್ನು ನಿರಪರಾಧಿಯೆಂದು ಬಿಟ್ಟಿತು. ಈ ತೀರ್ಪನ್ನು ನಾವು ಗೌರವದಿಂದ ಒಪ್ಪಬೇಕು. ಒಬ್ಬನ ಮೇಲೆ ದೋಷವನ್ನು ಹೊರಿಸಿ ಉಳಿದವರು ಕೈ ತೊಳೆದುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ದಂಡನೆಗೆ ಅರ್ಹನೋ ಅಲ್ಲವೋ ಎಂಬುದು ಕಾನೂನಿನ ಪ್ರಶ್ನೆ. ಆಪ್ತನೋ ಅಲ್ಲವೋ ಎಂಬುದು ಧರ್ಮದ ಪ್ರಶ್ನೆ. ಮೊದಲನೆಯದರಲ್ಲಿ ಸಂಶಯದ ಲಾಭವು ಆರೋಪಿಗೆ ಸಲ್ಲುತ್ತದೆ. ಎರಡನೆಯದರಲ್ಲಿ ಅದು ಮಾಳಿಗೆಯ ಕೆಳಗೆ ನಿಂತವರಿಗೆ ಸಲ್ಲಬೇಕು.

ಆಪ್ತಲಕ್ಷಣದ ಎರಡು ಅಂಗಗಳೂ ಇಲ್ಲಿ ಕಳಚಿದುವು. ಸಹಿ ಹಾಕಿದವನು ತಾನು ಕಂಡಿರಲಿಲ್ಲ. ಕಂಡವನು ಕಂಡಂತೆ ಹೇಳಿ ನಿಲ್ಲಲಿಲ್ಲ. ಒಬ್ಬನಲ್ಲಿ ಕಣ್ಣಿಲ್ಲದ ಕೈ, ಮತ್ತೊಬ್ಬನಲ್ಲಿ ಕಣ್ಣಿದ್ದೂ ಕಟ್ಟಿದ ನಾಲಗೆ. ಇವೆರಡೂ ಸೇರಿ ಒಂದು ಕಾಗದವಾದಾಗ, ಹೊರಗಿನಿಂದ ನೋಡುವವನಿಗೆ ಅದು ಆಪ್ತವಾಕ್ಯದಂತೆಯೇ ಕಾಣುತ್ತದೆ. ಅನೃತಕ್ಕಿಂತ ಇದು ಹೆಚ್ಚು ಅಪಾಯಕರ. ಬರಿಯ ಸುಳ್ಳನ್ನು ಕೇಳುವವನು ಅನುಮಾನಿಸಬಹುದು; ಮುದ್ರೆಯೊತ್ತಿದ ಅರೆನಿಜವನ್ನು ಅನುಮಾನಿಸುವವನು ಯಾರು?

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುತ್ತವೆ. ಅವುಗಳನ್ನು ಅಲ್ಲಗಳೆದು ಮುಂದೆ ಹೋಗುವುದು ಸುಲಭ. ಆದರೆ ಪ್ರತಿಯೊಂದರಲ್ಲಿಯೂ ಸತ್ಯದ ಒಂದಂಶವಿರುವುದರಿಂದ ಅವು ವಿಚಾರಕ್ಕೆ ಅರ್ಹವಾಗಿವೆ.

ಮೊದಲನೆಯದು: ವರದಿಯನ್ನು ಹಣ ಕೊಟ್ಟು ಮಾಡಿಸಿದವನು ಒಡೆಯ, ವರದಿಯು ಅವನ ಸ್ವತ್ತು. ಅದನ್ನು ಊರಿಗೆಲ್ಲ ಸಾರುವುದು ಪರೀಕ್ಷಕನ ಧರ್ಮವೇ? ವ್ಯವಹಾರದ ಗುಟ್ಟನ್ನು ಕಾಯುವುದೂ ಧರ್ಮವಲ್ಲವೆ? ಸರಿ, ಬಾಡಿಗೆಯ ಲೆಕ್ಕ, ಬೆಲೆಯ ಅಂದಾಜು, ಬಣ್ಣ ಮಾಸಿದ ಗೋಡೆ ಇಂಥವನ್ನು ಪರೀಕ್ಷಕನು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಗುಟ್ಟಿನ ಧರ್ಮಕ್ಕೆ ಒಂದು ಎಲ್ಲೆಯುಂಟು, ಅದು ಪ್ರಾಣ. ವೈದ್ಯನು ರೋಗಿಯ ಗುಟ್ಟನ್ನು ಕಾಯುತ್ತಾನೆ, ಬಾವಿಯಲ್ಲಿ ವಿಷ ಬಿದ್ದಿರುವುದನ್ನು ಮುಚ್ಚಿಡುವುದಿಲ್ಲ. ಒಂಟೇರಿಯೊ ಪ್ರಾಂತದ ಇಂಜಿನಿಯರುಗಳ ನೀತಿಸಂಹಿತೆಯೇ ಸಾರ್ವಜನಿಕ ಹಿತವು ಎಲ್ಲಕ್ಕಿಂತ ಮೇಲಾದ ಕರ್ತವ್ಯವೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಕೂಲಿ ಕೊಟ್ಟವನು ಪರೀಕ್ಷಕನ ಸಮಯವನ್ನು ಕೊಂಡಿದ್ದಾನೆ. ಅವನ ಕಣ್ಣನ್ನು ಕೊಂಡಿಲ್ಲ.

ಎರಡನೆಯದು: ಕಾಣುವುದನ್ನು ಮಾತ್ರ ನೋಡುವೆನೆಂದು ಕರಾರು ಮಾಡಿದ್ದೇನೆ, ಕಾಣದುದಕ್ಕೆ ನಾನು ಹೊಣೆಯೇ? ಈ ಮಾತು ಅರ್ಧ ನ್ಯಾಯವಾದುದು. ಯಾವ ಮನುಷ್ಯನೂ ಎಲ್ಲವನ್ನೂ ಕಾಣಲಾರನು. ತನ್ನ ನೋಟದ ಮಿತಿಯನ್ನು ಮೊದಲೇ ಬರೆದುಕೊಡುವುದು ಪ್ರಾಮಾಣಿಕತೆಯ ಲಕ್ಷಣವೇ ಆಗಿದೆ. ಆದರೆ ತರ್ಕದಲ್ಲಿ ಪ್ರತ್ಯಕ್ಷದ ಪಕ್ಕದಲ್ಲಿಯೇ ಅನುಮಾನವಿದೆ. ಹೊಗೆಯನ್ನು ಕಂಡವನು ಬೆಂಕಿಯನ್ನು ಕಾಣಲಿಲ್ಲವೆಂದು ಸುಮ್ಮನಿರುವಂತಿಲ್ಲ. ಮೂವತ್ತು ವರ್ಷ ಉಪ್ಪುನೀರು ಇಳಿದ ಮಾಳಿಗೆಯ ಕೆಳಗೆ ಟಾರ್ಪಾಲು ಕಟ್ಟಿರುವುದನ್ನು ಕಂಡವನು, ಮುಚ್ಚಿದ ಭಾಗದಲ್ಲಿ ಉಕ್ಕು ಹೇಗಿರಬಹುದೆಂದು ಅನುಮಾನಿಸಲೇಬೇಕು. ಬಿಚ್ಚಿ ನೋಡುವುದು ಕರಾರಿನ ಹೊರಗಿದ್ದರೆ, “ಇಲ್ಲಿ ಬಿಚ್ಚಿ ನೋಡಬೇಕು, ಬಿಚ್ಚದೆ ದೃಢವೆಂದು ಹೇಳಲಾರೆ” ಎಂದು ಬರೆಯುವುದಂತೂ ಕರಾರಿನ ಒಳಗೇ ಇದೆ. ಮಿತಿಯನ್ನು ಹೇಳುವ ವಾಕ್ಯವು ಓದುವವನನ್ನು ಎಚ್ಚರಿಸಲು ಇರುವುದು. ಬರೆಯುವವನು ಅದರ ಹಿಂದೆ ಅವಿತುಕೊಂಡರೆ ಅದು ಕಪಟವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ನಾನು ಕಠೋರವಾಗಿ ಬರೆದರೆ ಮುಂದಿನ ಕೆಲಸವು ಮೃದುವಾಗಿ ಬರೆಯುವವನಿಗೆ ಹೋಗುತ್ತದೆ. ಕಟ್ಟಡವು ಹೇಗೂ ಹಾಗೆಯೇ ಉಳಿಯುತ್ತದೆ. ನನ್ನ ಮಕ್ಕಳು ಮಾತ್ರ ಹಸಿಯುತ್ತಾರೆ. ಇದು ಹೊಟ್ಟೆಯ ಮಾತು. ಇದನ್ನು ಹಗುರವಾಗಿ ಕಾಣಬಾರದು. ಕಟ್ಟಡಗಳ ದಲ್ಲಾಳಿಗಳಿಂದಲೂ ಸಾಲ ಕೊಡುವವರಿಂದಲೂ ಈ ಉದ್ಯೋಗಕ್ಕೆ ಕೆಲಸವು ಹರಿದುಬರುತ್ತದೆ. ವ್ಯವಹಾರವು ಮುರಿಯಬಾರದೆಂಬುದು ದಲ್ಲಾಳಿಯ ಆಸೆ. ಮುರಿಯುವಂತೆ ಬರೆಯುವವನನ್ನು ಅವನು ಎರಡನೆಯ ಬಾರಿ ಕರೆಯುವುದಿಲ್ಲ. ಯಾರೂ ಲಂಚ ಕೊಡುವುದಿಲ್ಲ, ಯಾರೂ ಬೆದರಿಸುವುದಿಲ್ಲ. ಮುಂದಿನ ಕರೆಯು ಬರುವುದೋ ಇಲ್ಲವೋ ಎಂಬ ಚಿಂತೆಯೊಂದೇ ಲೇಖನಿಯನ್ನು ಅರ್ಧ ಅಂಗುಲ ಸರಿಸುತ್ತದೆ. ‘ಅಪಾಯ’ ಎಂದು ಬರೆಯಬೇಕಾದಲ್ಲಿ ‘ಗಮನಿಸತಕ್ಕದ್ದು’ ಎಂದಾಗುತ್ತದೆ. ಅಧರ್ಮವು ಸಾಮಾನ್ಯವಾಗಿ ಬರುವ ರೂಪವೇ ಇದು. ಅದು ಪದಗಳ ಮೃದುತ್ವವಾಗಿ ಬರುತ್ತದೆ.

ಇದಕ್ಕೆ ಸಮಾಧಾನವೇನು? ಮೊದಲು, ಈ ಪರೀಕ್ಷಕನು ಮಾರುವ ವಸ್ತು ಯಾವುದೆಂದು ವಿಚಾರಿಸಬೇಕು. ಕಾಗದವನ್ನೇ? ಚಿತ್ರಗಳನ್ನೇ? ಅವು ಯಾರ ಬಳಿಯಲ್ಲಿಯೂ ದೊರೆಯುತ್ತವೆ. ಅಪ್ರಿಯವಾದುದನ್ನು ಹೇಳಬಲ್ಲ ಸ್ವಾತಂತ್ರ್ಯವೇ ಅವನ ಸರಕು. “ಇಲ್ಲ” ಎನ್ನಲಾರದವನ “ಹೌದು” ಎಂಬುದಕ್ಕೆ ಬೆಲೆಯಿಲ್ಲ. ಆ ಸ್ವಾತಂತ್ರ್ಯವನ್ನು ಕೊಟ್ಟು ಕರೆಗಳನ್ನು ಗಳಿಸಿಕೊಂಡವನು, ಬಿತ್ತನೆಯ ಕಾಳನ್ನು ಕುಟ್ಟಿ ಉಂಡ ರೈತನಂತೆ, ಒಂದು ಹೊತ್ತಿನ ಊಟಕ್ಕಾಗಿ ಮುಂದಿನ ಸುಗ್ಗಿಯನ್ನು ಮಾರಿಕೊಂಡನು. ಕಾಯಕವೆಂಬ ಪದಕ್ಕೆ ನಮ್ಮ ಹಿರಿಯರು ಕೊಟ್ಟ ಘನತೆಯು ದುಡಿಮೆಯ ಮೊತ್ತಕ್ಕಾಗಿ ಕೊಟ್ಟುದಲ್ಲ, ದುಡಿಮೆಯ ಶುದ್ಧಿಗಾಗಿ ಕೊಟ್ಟುದು. ಆ ಶುದ್ಧಿಯೇ ಈ ಉದ್ಯೋಗದಲ್ಲಿ ಬಂಡವಾಳವೂ ಆಗಿದೆಯೆಂಬುದು ಸೋಜಿಗ.

ಆದರೆ ಒಬ್ಬನ ಧೈರ್ಯದ ಮೇಲೆ ಇಡೀ ವ್ಯವಸ್ಥೆಯನ್ನು ನಿಲ್ಲಿಸುವುದು ವಿವೇಕವಲ್ಲ. ಆ ವೃತ್ತಿಯವರೂ ಇದನ್ನು ಅರಿತಿದ್ದಾರೆ. ಮನೆಗಳ ಪರೀಕ್ಷಕರು ಅಮೆರಿಕದಲ್ಲಿ ೧೯೭೬ರಲ್ಲಿ ಕಟ್ಟಿಕೊಂಡ ಸಂಘವು, ತಾನು ಪರೀಕ್ಷಿಸಿದ ಕಟ್ಟಡದ ದುರಸ್ತಿಯನ್ನು ಒಂದು ವರ್ಷದವರೆಗೆ ತಾನೇ ಹಣಕ್ಕೆ ಮಾಡಕೂಡದೆಂದೂ, ಕೆಲಸ ಕಳುಹಿಸಿದುದಕ್ಕಾಗಿ ದಲ್ಲಾಳಿಗಳಿಗೆ ಪ್ರತಿಫಲ ಕೊಡಕೂಡದೆಂದೂ ತನ್ನ ಸದಸ್ಯರಿಗೆ ನೀತಿ ಗೊತ್ತುಪಡಿಸಿದೆ. ಮೊದಲನೆಯದು, ಇಲ್ಲದ ದೋಷವನ್ನು ಕಾಣುವ ಆಸೆಗೆ ಬೇಲಿ. ಎರಡನೆಯದು, ಇರುವ ದೋಷವನ್ನು ಕಾಣದಿರುವ ಆಸೆಗೆ ಬೇಲಿ. ಒಳ್ಳೆಯವನಿಗೂ ಬೇಲಿ ಬೇಕು. ಹೊಲಕ್ಕೆ ಬೇಲಿ ಹಾಕುವುದು ಪೈರು ಕೆಟ್ಟದೆಂಬ ಕಾರಣದಿಂದಲ್ಲ.

ಇನ್ನು ಬೆಳವಣಿಗೆಯ ವಿಚಾರ. ಉದ್ಯೋಗವು ಬೆಳೆಯುವುದು ದೋಷವಲ್ಲ. ಒಳ್ಳೆಯ ಕಣ್ಣು ಹತ್ತು ಕಟ್ಟಡಗಳ ಬದಲು ನೂರು ಕಟ್ಟಡಗಳನ್ನು ನೋಡುವುದಾದರೆ ಲೋಕಕ್ಕೆ ಹಿತವೇ. ಆದರೆ ಕಣ್ಣು ಬೆಳೆಯುವುದಿಲ್ಲ. ಬೆಳೆಯುವುದು ಹೆಸರು ಮಾತ್ರ. ನೂರು ಕಟ್ಟಡಗಳಿಗೆ ಹತ್ತು ಜನ ಬೇಕು. ಆ ಹತ್ತು ಜನರ ನೋಟಕ್ಕೆ ಒಬ್ಬನ ಸಹಿ ಬೀಳುತ್ತದೆ. ಸ್ಥಳಕ್ಕೆ ಹೋದವನಿಗೆ ಹೆಸರಿಲ್ಲ; ಹೆಸರಿದ್ದವನು ಸ್ಥಳಕ್ಕೆ ಹೋಗಿಲ್ಲ. ಇದು ತನ್ನಷ್ಟಕ್ಕೆ ತಪ್ಪಲ್ಲ. ಮಾನದಂಡವೇ ಈ ಎರಡು ಸ್ಥಾನಗಳನ್ನು ಒಪ್ಪಿದೆ. ಹೋದವನನ್ನು ಪ್ರಶ್ನಿಸಿ, ಚಿತ್ರಗಳನ್ನು ಒಂದೊಂದಾಗಿ ನೋಡಿ, ಸಂಶಯವಿದ್ದಲ್ಲಿ ತಾನೇ ಎದ್ದು ಹೋಗಿ ನೋಡುವವನ ಸಹಿಯು ಎರಡನೆಯ ಕಣ್ಣಾಗುತ್ತದೆ. ಓದದೆ ಒತ್ತಿದ ಸಹಿಯು ಮೊದಲನೆಯ ಕಣ್ಣನ್ನೂ ಕುರುಡಾಗಿಸುತ್ತದೆ. ಏಕೆಂದರೆ ನೋಡಿದವನು ‘ಮೇಲಿನವರು ನೋಡುತ್ತಾರೆ’ ಎಂದು ಸಡಿಲವಾಗುತ್ತಾನೆ, ಮೇಲಿನವನು ‘ನೋಡಿದವನು ನೋಡಿದ್ದಾನೆ’ ಎಂದು ಸಡಿಲವಾಗುತ್ತಾನೆ. ಇಬ್ಬರ ನಡುವೆ ಹೊಣೆಯು ನೆಲಕ್ಕೆ ಬೀಳುತ್ತದೆ.

ಆದುದರಿಂದ ಬೆಳವಣಿಗೆಗೆ ಒಂದು ಅಳತೆಗೋಲನ್ನು ಹೀಗೆ ಹೇಳಬಹುದು. ಸಹಿ ಹಾಕುವವನು ಯಾವ ವರದಿಯ ಯಾವ ವಾಕ್ಯವನ್ನಾದರೂ ಹಿಡಿದು, “ಇದನ್ನು ಕಂಡವನು ಇಂಥವನು, ಹೀಗೆ ಕಂಡನು, ನಾನು ಹೀಗೆ ಖಚಿತಪಡಿಸಿಕೊಂಡೆನು” ಎಂದು ಹೇಳಬಲ್ಲಷ್ಟು ದೂರ ಉದ್ಯೋಗವು ಬೆಳೆಯಲಿ. ಹೇಳಲಾರದ ದಿನ ಹೊಸ ಕೆಲಸವನ್ನು ಒಪ್ಪುವುದನ್ನು ನಿಲ್ಲಿಸಿ ಹೊಸಬರನ್ನು ತಿದ್ದುವುದಕ್ಕೆ ತೊಡಗಲಿ. ಯಾವನೊಬ್ಬ ದಲ್ಲಾಳಿಯೂ ಯಾವನೊಬ್ಬ ಒಡೆಯನೂ ಕೈಬಿಟ್ಟರೆ ಮುಳುಗುವಂತೆ ಆದಾಯವನ್ನು ಒಂದೇ ಕೈಯಲ್ಲಿ ಕಟ್ಟಿಹಾಕದಿರಲಿ. ಏಕೆಂದರೆ ಒಬ್ಬನನ್ನೇ ನೆಚ್ಚಿದವನು ಅವನಿಗೆ ಅಪ್ರಿಯವನ್ನು ನುಡಿಯಲಾರನು. ಸಹಿಯಾದ ವರದಿಯಲ್ಲಿ ಒಂದಕ್ಷರವನ್ನು ತಿದ್ದಬೇಕಾದರೂ ಸಹಿ ಮಾಡಿದವನಿಗೆ ತಿಳಿದು, ಕಾರಣವು ಬರಹದಲ್ಲಿ ಉಳಿಯಲಿ. ಒಡೆಯನು ತಪ್ಪನ್ನು ತೋರಿಸಿದರೆ ತಿದ್ದುವುದು ವಿನಯ. ಒಡೆಯನು ಸತ್ಯವನ್ನು ಒಲ್ಲೆನೆಂದರೆ ತಿದ್ದುವುದು ದ್ರೋಹ. ಈ ಎರಡರ ಭೇದವು ಪರೀಕ್ಷಕನ ಅಂತಃಕರಣಕ್ಕೆ ಚೆನ್ನಾಗಿ ತಿಳಿದಿರುತ್ತದೆ.

ಕೊನೆಯದಾಗಿ, ಹೊಣೆಯು ಪರೀಕ್ಷಕನೊಬ್ಬನದೇ ಅಲ್ಲ. ಎಲಿಯಟ್ ಲೇಕಿನಲ್ಲಿ ಹಳೆಯ ಎಚ್ಚರಿಕೆಗಳು ಕಪಾಟಿನಲ್ಲಿ ಉಳಿದುವು. ದಿನವೂ ಆ ಸೂರಿನಡಿ ಬರುತ್ತಿದ್ದವರಿಗೆ ಅವು ತಲಪಲಿಲ್ಲ. ಕಂಡವನು ಕಂಡಂತೆ ಹೇಳಿದರೂ, ಕೇಳಬೇಕಾದವನ ಕಿವಿಗೆ ಬೀಳದಿದ್ದರೆ ಆಪ್ತವಾಕ್ಯವು ನಿಷ್ಫಲ. ಜನರು ಓಡಾಡುವ ಕಟ್ಟಡದ ಬಲಾಬಲವನ್ನು ಆ ಜನರು ತಿಳಿಯುವಂತಿರಬೇಕು. ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿಯ ವಾಣಿಜ್ಯ ಕಟ್ಟಡವು ಕುಸಿದು ೧೯ ಮಂದಿ ಪ್ರಾಣ ಬಿಟ್ಟರು. ಅಲ್ಲಿಯ ಕಾರಣಗಳು ಬೇರೆ, ಇಲ್ಲಿಯ ಕಾರಣಗಳು ಬೇರೆ. ಮೇಲಿರುವುದನ್ನು ನಂಬಿ ಕೆಳಗೆ ನಿಂತವರ ಸ್ಥಿತಿಯು ಮಾತ್ರ ಎಲ್ಲೆಲ್ಲಿಯೂ ಒಂದೇ.

ವಾಚಕರಲ್ಲಿ ಪರೀಕ್ಷಕರು ಕೆಲವರೇ ಇದ್ದಾರು. ಆದರೆ ಅಂಗಡಿಯನ್ನು ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು, ಸಂಘದ ಕಟ್ಟಡಕ್ಕೆ ಪಂಚರಾಗಿರುವವರು ಹಲವರಿದ್ದಾರೆ. ಬಲ್ಲವನನ್ನು ಕರೆದು ತೋರಿಸಿದಾಗ ಅವನು “ಮಾಳಿಗೆ ಕೆಟ್ಟಿದೆ” ಎಂದರೆ ನಮ್ಮ ಮುಖವು ಬಾಡುತ್ತದೆ. “ಪರವಾಗಿಲ್ಲ” ಎನ್ನುವ ಮತ್ತೊಬ್ಬನನ್ನು ಹುಡುಕಬೇಕೆನಿಸುತ್ತದೆ. ಆ ಕ್ಷಣದಲ್ಲಿ ಮೃದುವಾಗಿ ಬರೆಯುವ ಪರೀಕ್ಷಕನನ್ನು ಹುಟ್ಟಿಸುವವರು ನಾವೇ. ಕಹಿಯನ್ನು ಹೇಳಿದವನ ಕೂಲಿಯನ್ನು ಮನಃಪೂರ್ವಕವಾಗಿ ಕೊಟ್ಟು, ಮುಂದಿನ ಬಾರಿಯೂ ಅವನನ್ನೇ ಕರೆಯುವುದು ನಮ್ಮ ಪಾಲಿನ ಧರ್ಮ. ಹಾಗೆ ಮಾಡಿದರೆ ಅವನ ಕೂಲಿಗೂ ಋಣಕ್ಕೂ ನಡುವಣ ವಿರೋಧವು ತಾನಾಗಿಯೇ ಕಡಮೆಯಾಗುತ್ತದೆ. ಸತ್ಯವನ್ನು ಹೇಳಿದವನ ಮಕ್ಕಳೂ ಉಣ್ಣುತ್ತಾರೆ, ಮಾಳಿಗೆಯ ಕೆಳಗಿನವರೂ ಬದುಕುತ್ತಾರೆ.